ನಫೀಸಮ್ಮ ಹತ್ತುವ ಹಲಗೆಗೆ ಎಷ್ಟು ಫಿನ್ನು?

೧

ಈ ಕಥೆಯನ್ನು ಕಡಲಿನಿಂದ ಶುರು ಮಾಡಲೋ, ಕುಂಬ್ರದಿಂದ ಶುರು ಮಾಡಲೋ?

ಕಡಲಿನಿಂದ ಶುರು ಮಾಡಿದರೆ ನಿಮಗೆ ಖುಷಿ. ಮೊದಲ ಸಾಲಿಗೇ ಒಂದು ಅಲೆ ಎದ್ದು ನಿಲ್ಲುತ್ತದೆ. ಆದರೆ ನನಗೆ ಕಡಲು ಗೊತ್ತಿರುವುದು ಅಷ್ಟಕ್ಕಷ್ಟೆ. ಸುಳ್ಯದಲ್ಲಿ ಹುಟ್ಟಿ, ಪುತ್ತೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವವಳು ನಾನು, ಹೇಮಶ್ರೀ. ವರ್ಷಕ್ಕೊಮ್ಮೆ ಮಕ್ಕಳನ್ನು ಟೂರಿಗೆ ಕರೆದುಕೊಂಡು ಹೋದಾಗ ದಡದಲ್ಲಿ ನಿಲ್ಲುವುದುಂಟು; ಅದೂ ಕಡಲಿಗೆ ಬೆನ್ನು ಹಾಕಿ, ಮಕ್ಕಳತ್ತ ಕೂಗುತ್ತ. ಅಂಥವಳು ಸರ್ಫಿಂಗ್ ಬಗ್ಗೆ ಕಥೆ ಬರೆಯಲು ಕೂತಿದ್ದೇನೆ. (ನಗಬೇಕಾದರೆ ನಗಿ. ಮೂರು ಬಂಡಲು ಉತ್ತರ ಪತ್ರಿಕೆ ತಿದ್ದಿ ಎದ್ದವಳಿಗೆ ಯಾರ ನಗುವೂ ತಾಗುವುದಿಲ್ಲ.)

ಮೊದಲ ಡ್ರಾಫ್ಟು ಮಳೆಯಿಂದ ಶುರುವಾಗಿತ್ತು. ನಮ್ಮ ಕಡೆಯ ಕಥೆಗಳಿಗೆ ಮಳೆ ತಾನಾಗಿ ಬಂದುಬಿಡುತ್ತದೆ, ಕರೆಯಬೇಕಾಗಿಲ್ಲ. ಹೊಡೆದು ಹಾಕಿದೆ. ಎರಡನೆಯ ಡ್ರಾಫ್ಟು ಹೀಗಿತ್ತು: ‘ಮೂಸಕುಂಞಿ ಅಲೆಯ ನೆತ್ತಿಯ ಮೇಲೆ ಎದ್ದು ನಿಂತಾಗ ಒಮಾನಿನ ಕಡಲಿನಲ್ಲಿ ಸೂರ್ಯ ಮುಳುಗುತ್ತಿದ್ದ.’ ಈ ಸಾಲು ನನಗೆ ಬಹಳ ಹಿಡಿಸಿತ್ತು. ಹಿಡಿಸದಿದ್ದದ್ದು ಮೂಸಕುಂಞಿಯವರಿಗೆ.

“ಟೀಚರ್, ಅದು ತೆಗೆದುಬಿಡಿ.”

“ಯಾವುದು, ಸೂರ್ಯನಾ?”

“ನಾನಿದ್ದ ಕಡೆ ಕಡಲಲ್ಲಿ ಸೂರ್ಯ ಹುಟ್ಟುದು, ಮುಳುಗುದು ಗುಡ್ಡೆಯಲ್ಲಿ. ಬೇಕಾದರೆ ಅದು ಹಾಗೇ ಇರಲಿ. ನಾನು ನಿಂತದ್ದು ತೆಗೀರಿ.”

“ಯಾಕೆ?”

“ಸುಮ್ಮನೆ.”

ನಿಮಗೆ ಗೊಂದಲವಾಗುವುದು ಬೇಡ. ಮೂಸಕುಂಞಿ ನಾನು ಕಟ್ಟಿದ ಪಾತ್ರ. ಅವರ ಹೆಂಡತಿ ನಫೀಸಮ್ಮನೂ ಹಾಗೆಯೇ. ಆದರೆ ಸಂಜೆ ಶಾಲೆಯಿಂದ ಬಂದು, ಚಹಾ ಕುಡಿದು ಬರೆಯಲು ಕೂತರೆ ಇಬ್ಬರೂ ಜಗಲಿಗೆ ಬಂದು ಎದುರಿನ ಬೆಂಚಿನಲ್ಲಿ ಕೂರುತ್ತಾರೆ. ಬರೆದದ್ದನ್ನು ಓದಿಸಿ ಕೇಳುತ್ತಾರೆ. ತಮ್ಮೊಳಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಾರೆ. ಆಮೇಲೆ ನನ್ನೊಡನೆ ಕನ್ನಡದಲ್ಲಿ ಜಗಳಕ್ಕೆ ಬರುತ್ತಾರೆ. ಮನೆಗೆ ಬಂದ ಮೇಲೂ ಪೇರೆಂಟ್ಸ್ ಮೀಟಿಂಗು.

೨

ಸರಿ, ಕುಂಬ್ರದಿಂದಲೇ ಹೊರಡೋಣ.

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಂಬ್ರ ಪೇಟೆ. ಅಲ್ಲಿಂದ ಸ್ವಲ್ಪ ಒಳಗೆ ಮೂಸಕುಂಞಿಯವರ ಟೆರೇಸ್ ಮನೆ. ಅರುವತ್ತು ದಾಟಿದ ಮನುಷ್ಯ. ಹರೆಯದಲ್ಲಿ ಒಮಾನಿಗೆ ಹೋಗಿ ಕಡಲ ದಡದ ಒಂದು ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದವರು, ಮಂಡಿನೋವು ಶುರುವಾದ ಮೇಲೆ ಊರಿಗೆ ಬಂದರು. ಅಲ್ಲಿ ಅವರಿಗೆ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ನಫೀಸಮ್ಮ ಶೋಕೇಸಿನತ್ತ ಬೆರಳು ತೋರಿಸುತ್ತಿದ್ದರು. ಅಲ್ಲೊಂದು ಫೋಟೋ. ಮರಳಿನ ಮೇಲೆ ಹರೆಯದ ಮೂಸಕುಂಞಿ, ಪಕ್ಕದಲ್ಲಿ ಅವರಿಗಿಂತ ಎತ್ತರದ ಸರ್ಫ್ ಬೋರ್ಡು, ಹಿಂದೆ ಕಡಲು.

“ಇವರು ಅಲೆಯ ಮೇಲೆ ನಿಲ್ಲುವವರು. ಬಿಳಿಯರಿಗೆ ಕಲಿಸುದು,” ಎಂದು ಮದುವೆ ಮನೆಗಳಲ್ಲಿ ನಫೀಸಮ್ಮ ಹೇಳಿದರೆ ಹೆಂಗಸರು ಬಾಯಿಗೆ ಕೈ ಇಟ್ಟುಕೊಳ್ಳುತ್ತಿದ್ದರು. ಉಳಿದವರ ಗಂಡಂದಿರು ಅಂಗಡಿಯಲ್ಲಿ ನಿಲ್ಲುವವರು, ಡ್ರೈವರುಗಳು. ಅಲೆಯ ಮೇಲೆ ನಿಲ್ಲುವವರು ಬೇರೆ ಯಾರೂ ಇರಲಿಲ್ಲ.

ಗಂಡ ಬರುವುದೆಂದರೆ ನಫೀಸಮ್ಮನಿಗೆ ಅಷ್ಟು ವರ್ಷವೂ ರಜೆಯ ಸಂಗತಿ. ಸೂಟ್‌ಕೇಸು, ನೆಂಟರು, ಬಿರಿಯಾನಿ, ಮತ್ತೆ ಏರ್‌ಪೋರ್ಟು. ಈಗ ಗಂಡ ಹೊರಡುವುದೇ ಇಲ್ಲ. ಬೆಳಿಗ್ಗೆ ಎದ್ದರೆ ಇದ್ದಾರೆ, ಮಧ್ಯಾಹ್ನವೂ ಇದ್ದಾರೆ. ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಾರೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ಯಾಕೆ ತಿರುಗುತ್ತದೆ ಎಂದು ಕೇಳುತ್ತಾರೆ. ಫೋನಿನಲ್ಲಾದರೆ ಗಂಟೆಗಟ್ಟಲೆ ಮಾತಾಡುತ್ತಿದ್ದ ಇಬ್ಬರಿಗೆ ಒಂದೇ ಸೋಫಾದಲ್ಲಿ ಕೂತರೆ ಮಾತೇ ಹುಟ್ಟುವುದಿಲ್ಲ. ಒಂದು ದಿನ ನಫೀಸಮ್ಮ ಅಡುಗೆಮನೆಯಿಂದ ಚಾವಡಿಯಲ್ಲಿದ್ದ ಗಂಡನಿಗೆ ಫೋನ್ ಮಾಡಿದರು. ಊಟಕ್ಕೆ ಕರೆಯಲೆಂದು ಮಾಡಿದ್ದು. ಮಾತು ಎಲ್ಲೆಲ್ಲಿಗೋ ಹೋಗಿ ಸಾರು ತಣಿಯಿತು.

(ಇದು ನಾನು ಕಟ್ಟಿದ್ದಲ್ಲ. ಬೆಂಚಿನಿಂದ ನಫೀಸಮ್ಮನೇ ಸೇರಿಸಿದ್ದು. “ಇದು ಬೇಕಾ?” ಎಂದು ಮೂಸಕುಂಞಿ ಕೇಳಿದರು. ಬೇಕು ಎಂದೆವು, ನಾವಿಬ್ಬರೂ.)

೩

ಒಮಾನಿನಿಂದ ಕಳಿಸಿದ ಕಾರ್ಗೋ ಬಂದದ್ದು ಅವರು ಬಂದು ಸುಮಾರು ದಿನ ಕಳೆದ ಮೇಲೆ. ಕಂಬಳಿ, ಹಾಲಿನ ಪುಡಿ, ಪಾತ್ರೆಗಳ ಜೊತೆಗೆ ಮನೆಯ ಬಾಗಿಲಿಗಿಂತ ಉದ್ದದ ಒಂದು ಕಟ್ಟು. ನೋಡಲು ಬಂದ ನೆರೆಮನೆಯ ಸಾಹುಲ್ ಹಮೀದ್ ಅದನ್ನು ತಟ್ಟಿ ನೋಡಿದರು. “ಎಂತ ಮಾರಾಯ್ರೆ ಇದು, ಇಸ್ತ್ರಿ ಹಾಕುವ ಮೇಜಾ?”

ಹೋಟೆಲಿನವರು ಹಳೆಯ ಬೋರ್ಡುಗಳನ್ನು ಎಸೆಯುವಾಗ ಮೂಸಕುಂಞಿ ಒಂದನ್ನು ಕೇಳಿ ತೆಗೆದುಕೊಂಡಿದ್ದರು. ಯಾಕೆ ಎಂದು ನಾನೂ ಕೇಳಿದೆ. “ಅಷ್ಟು ವರ್ಷ ಒರೆಸಿದ್ದೇನಲ್ಲ ಟೀಚರ್,” ಎಂದರು. ಆಗ ನನಗೆ ಅರ್ಥವಾಗಲಿಲ್ಲ.

ಬಾತ್ ಟವೆಲಿನಲ್ಲಿ ಸುತ್ತಿದ ಇನ್ನೊಂದು ಪೊಟ್ಟಣವಿತ್ತು. ಮೂಸಕುಂಞಿ ಬೋರ್ಡನ್ನು ಚಾವಡಿಯಲ್ಲಿ ಮಗುಚಿ ಹಾಕಿ, ಪೊಟ್ಟಣ ಬಿಚ್ಚಿ, ಒಳಗಿದ್ದ ಮೂರು ಫಿನ್ನುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರು. ಒಂದು ದೊಡ್ಡದು, ಕತ್ತಿಯಂತೆ ಹಿಂದಕ್ಕೆ ಬಾಗಿದ್ದು. ಎರಡು ಸಣ್ಣವು, ಅಂಗೈಯಷ್ಟು.

“ಮೀನಿಗೆ ಇರ್ತದಲ್ಲ, ಹಾಗೆಯಾ?” ನಫೀಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು.

“ಹಾಂ, ಅದೇ. ಇದಿಲ್ಲದಿದ್ದರೆ ಬೋರ್ಡು ನೀರಲ್ಲಿ ಬಾಳೆಎಲೆ ಹಾಗೆ, ಗಾಳಿ ಬಂದ ಕಡೆ ತಿರುಗುದು.” ಅವರು ಬೋರ್ಡಿನ ಬಾಲದ ಕಡೆ ಇದ್ದ ಸೀಳುಗಳನ್ನು ತೋರಿಸಿದರು, ನಡುವೆ ಒಂದು ಉದ್ದದ್ದು, ಎಡಬಲಕ್ಕೆ ಎರಡು ಸಣ್ಣವು. “ಈ ದೊಡ್ಡದು ಒಂದೇ ಹಾಕಿದರೆ ನೇರ ಹೋಗುದು. ಅಲ್ಲಾಡುದಿಲ್ಲ, ಆದರೆ ತಿರುಗಿಸುದು ಕಷ್ಟ. ಅದು ಬಿಟ್ಟು ಈ ಸಣ್ಣದು ಎರಡೇ ಹಾಕಿದೆ ಅಂತ ಇಟ್ಟುಕೊ. ಹೇಳಿದ ಕಡೆ ತಿರುಗುದು, ಹೇಳದ ಕಡೆಯೂ ತಿರುಗುದು. ಬಾಲ ಜಾರುದು. ಮೂರೂ ಹಾಕಿದರೆ ಹಿಡಿತ ಉಂಟು, ತಿರುಗುದೂ ಉಂಟು. ಸ್ವಲ್ಪ ಜಡ ಆಗ್ತದೆ, ಅಷ್ಟೆ.”

ಊರಿಗೆ ಬಂದ ಮೇಲೆ ಅವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೆ ಮೂಸಕುಂಞಿ ಬೇರೆಯೇ ಮನುಷ್ಯ. ನಫೀಸಮ್ಮ ಒದ್ದೆ ಕೈ ಒರೆಸುತ್ತ ಬಂದು ನೆಲದಲ್ಲೇ ಕೂತರು.

“ಮತ್ತೆ, ಯಾವುದು ಒಳ್ಳೇದು?”

“ಅದು ಹತ್ತುವವರ ಮೇಲೆ. ಭಾರ ಎಷ್ಟು, ಹೆದರಿಕೆ ಎಷ್ಟು ಅಂತ ನೋಡಬೇಕು.”

“ನಾನು ಹತ್ತುದಾದರೆ?”

ಸ್ಕ್ರೂಡ್ರೈವರ್ ನಿಂತಿತು.

೪

ಇಲ್ಲಿ ಓದುಗರಾದ ನೀವು ಕೇಳಬಹುದು: ಐವತ್ತೈದರ ಹೆಂಗಸಿಗೆ ಇದೆಂಥ ಆಸೆ? ನಾನೂ ಕೇಳಿದೆ. ಇಂಥ ಆಸೆಗೆ ಕಥೆಯಲ್ಲಿ ಒಂದು ಕಾರಣ ಕೊಡಬೇಕಾಗುತ್ತದೆ. ಚಿಕ್ಕಂದಿನಲ್ಲಿ ಹೊಳೆಯಲ್ಲಿ ಈಜಿದ ನೆನಪು, ಡಾಕ್ಟರು ಹೇಳಿದ ವ್ಯಾಯಾಮ, ಹೀಗೆ ಏನಾದರೊಂದು. ಎರಡನ್ನೂ ಬರೆದು ತೋರಿಸಿದೆ.

“ಕಡಲಿನ ಆಸೆ ಎಂತದೂ ಇಲ್ಲ ಟೀಚರ್,” ಎಂದರು ನಫೀಸಮ್ಮ. “ಇವರ ಹತ್ತಿರ ಮಾತಾಡ್ಲಿಕ್ಕೆ ಒಂದು ವಿಷಯ ಬೇಕಿತ್ತು. ಅವರಿಗೆ ಗೊತ್ತಿರುದು ಅದೊಂದೇ. ನನಗೆ ಗೊತ್ತಿರುದು ಅವರಿಗೆ ಬೇಡ. ಮತ್ತೆ ನಾನೇ ಅವರ ಕಡೆಗೆ ಹೋಗಬೇಕಲ್ಲ?”

ಕಲ್ಲುಗುಂಡಿಗೆ ಮದುವೆಯಾಗಿ ಹೋದ ಮಗಳು ಶಹನಾ ಫೋನಿನಲ್ಲಿ ನಕ್ಕಳು. “ಉಮ್ಮ, ಮೆಟ್ಟಲು ಹತ್ತುವಾಗ ಗೋಡೆ ಹಿಡಿಯುವವರು ನೀವು.”

“ಅಲ್ಲಿ ಗೋಡೆ ಇಲ್ಲ, ನಿನ್ನ ಬಾಪ ಇದ್ದಾರೆ,” ಎಂದರು ನಫೀಸಮ್ಮ. ಪಕ್ಕದಲ್ಲೇ ಕೂತಿದ್ದ ಬಾಪ ಟಿ.ವಿ.ಯ ಸೌಂಡು ಜಾಸ್ತಿ ಮಾಡಿದರು.

೫

ಕಡಲಿಗಿಂತ ಮೊದಲು ಹೊಳೆಯಲ್ಲಿ ಅಭ್ಯಾಸ ಆಗಬೇಕು ಎಂದು ಮೂಸಕುಂಞಿ ಷರತ್ತು ಹಾಕಿದರು. ನಫೀಸಮ್ಮನ ಅಕ್ಕ ರುಖಿಯಮ್ಮನ ಮನೆ ಕಡಬದ ಹತ್ತಿರ, ಕೋಡಿಂಬಾಳದಲ್ಲಿ. ಹಿತ್ತಲಿಳಿದು ಸ್ವಲ್ಪ ನಡೆದರೆ ಕುಮಾರಧಾರ. ಜನವರಿ ತಿಂಗಳು, ನೀರು ಇಳಿದು ತಿಳಿಯಾಗಿತ್ತು. ಹಳೆಯ ಓಮ್ನಿ ವ್ಯಾನಿನ ಮೇಲೆ ಬೋರ್ಡು ಕಟ್ಟಿ ಕಾಣಿಯೂರು ದಾರಿಯಾಗಿ ಹೊರಟರು. ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು.

ದೊಡ್ಡ ಫಿನ್ನು ಹಾಕಿಯೇ ನೀರಿಗಿಳಿಸಿದ್ದು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದು ಅಡಿಯ ಕಲ್ಲಿಗೆ ತಾಗಿ ಕರ್ ಎಂದಿತು. ಮೂಸಕುಂಞಿ ಬೋರ್ಡನ್ನು ದಡಕ್ಕೆ ಎಳೆದು, ಅದನ್ನು ಕಳಚಿ, ಸಣ್ಣವು ಎರಡನ್ನು ಹಾಕಿದರು. ನಫೀಸಮ್ಮ ಹಳೆಯ ಚೂಡಿದಾರದಲ್ಲಿ, ತಲೆಯ ಶಾಲನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿ, ಬೋರ್ಡಿನ ಮೇಲೆ ಕವುಚಿ ಮಲಗಿದರು. ಎರಡೂ ಕೈಯಿಂದ ನೀರು ತಳ್ಳಿದರು. ಬೋರ್ಡು ಆಚೆ ದಡಕ್ಕೆ ಹೊರಟಂತೆ ಮಾಡಿ, ಸಾವಕಾಶ ತಿರುಗಿ, ಈಚೆ ದಡದಲ್ಲಿದ್ದ ಅಕ್ಕನ ಮುಖಕ್ಕೇ ಬಂದು ನಿಂತಿತು. ಇನ್ನೊಮ್ಮೆ ತಳ್ಳಿದರು. ಇನ್ನೊಮ್ಮೆಯೂ ಅಕ್ಕ.

“ಎಂತ ನಫೀಸಾ, ನನ್ನನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲವಾ ನಿನಗೆ?” ರುಖಿಯಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಗುತ್ತಿದ್ದರು.

ನಫೀಸಮ್ಮನಿಗೂ ನಗು ಬಂತು. ನಗುವಿಗೆ ಬೋರ್ಡು ಕುಲುಕಿತು; ಕುಲುಕಿದ್ದಕ್ಕೆ ಮತ್ತೂ ನಗು. ಕೊನೆಗೆ ಮೂಸಕುಂಞಿ ಮೊಣಕಾಲು ನೀರಿನಲ್ಲಿ ನಿಂತು ಬಾಲ ಹಿಡಿದುಕೊಂಡರು. ಅವರು ಹಿಡಿದುಕೊಂಡಷ್ಟು ಹೊತ್ತು ಬೋರ್ಡು ನೆಟ್ಟಗೆ ಹೋಯಿತು.

“ನೀವು ಒಮ್ಮೆ ಹತ್ತಿ ತೋರಿಸಬಾರದಾ?” ಎಂದು ರುಖಿಯಮ್ಮ ಕೇಳಿದರು.

“ಹೊಳೆಯಲ್ಲಿ ಅಲೆ ಎಲ್ಲಿ ಉಂಟು?” ಎಂದರು ಮೂಸಕುಂಞಿ.

ವಾಪಸು ಬರುವ ದಾರಿಯುದ್ದಕ್ಕೂ ಗಂಡಹೆಂಡತಿ ಮಾತಾಡಿದರು. ಕಡಲಿಗೆ ಹೋದರೆ ಒಂದು ಹಾಕುವುದಾ, ಮೂರು ಹಾಕುವುದಾ? ಹೊಸಬರಿಗೆ ಒಂದು ಸಾಕು, ನೇರ ಹೋಗುವುದು ಮೊದಲು ಕಲಿಯಬೇಕು ಎಂದು ಮೂಸಕುಂಞಿ. ನೇರ ಹೋಗಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಮೂರೂ ಇರಲಿ ಎಂದು ನಫೀಸಮ್ಮ. ಕುಂಬ್ರ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಮನೆ ದಾಟಿ ಮುಂದೆ ಹೋಗಿ ಓಮ್ನಿಯನ್ನು ತಿರುಗಿಸಬೇಕಾಯಿತು.

೬

ಕಥೆಯನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. “ಇಲ್ಲಿಗೆ ಬಿಡು, ಚಂದ ಉಂಟು,” ಎಂದು ನನ್ನ ಗಂಡ ಕೃಷ್ಣಮೋಹನನೂ ಹೇಳಿದ. ಅವನಿಗೆ ಹಸಿವಾಗಿತ್ತು. ನನಗೂ ಸಾಕಾಗಿತ್ತು. ಮಾರನೆಯ ದಿನ ಸರ್ಕಾರಿ ಸರ್ವೆ ಡ್ಯೂಟಿ; ಮನೆಮನೆ ಹತ್ತಿಳಿಯಬೇಕು.

ಆದರೆ ಆ ಸಂಜೆ ಬೆಂಚಿಗೆ ಮೂಸಕುಂಞಿ ಒಬ್ಬರೇ ಬಂದರು.

“ಟೀಚರ್, ನನ್ನನ್ನು ಕಡಲಿಗೆ ಕೊಂಡುಹೋಗಬೇಡಿ.”

“ನಿಮ್ಮವರು ಹಟ ಹಿಡಿದಿದ್ದಾರಲ್ಲ.”

“ಓಮ್ನಿ ಕೆಟ್ಟುಹೋಯಿತು ಅಂತ ಬರೀರಿ. ಬೋರ್ಡು ತುಂಡಾಯಿತು ಅಂತ ಬೇಕಾದರೂ ಬರೀರಿ, ನಾನು ಸಹಿಸುತ್ತೇನೆ.”

“ಯಾಕೆ ಹೇಳಿ.”

“ನನಗೆ ನಿಲ್ಲಲಿಕ್ಕೆ ಬರುದಿಲ್ಲ ಟೀಚರ್. ನಾನು ಯಾವತ್ತೂ ನಿಂತದ್ದಿಲ್ಲ.”

ನನಗೆ ಸಿಟ್ಟು ಬಂತು. ನನ್ನದೇ ಪಾತ್ರ ನನಗೇ ಹೇಳದೆ ಇಷ್ಟು ಪುಟ ಕೂತಿತ್ತಲ್ಲ! ಆದರೂ ಪಾಪ ಅನ್ನಿಸಿ ಓಮ್ನಿಯನ್ನು ಕೆಡಿಸಿದೆ. ಬರೆದೆ: ‘ಭಾನುವಾರ ಬೆಳಿಗ್ಗೆ ಓಮ್ನಿ ಸ್ಟಾರ್ಟ್ ಆಗಲಿಲ್ಲ.’ ಮರುದಿನ ನಫೀಸಮ್ಮ ಅದನ್ನು ಕೇಳಿಸಿಕೊಂಡು, “ಸಾಹುಲ್ ಹಮೀದರ ಪಿಕಪ್ ಉಂಟಲ್ಲ. ಪತ್ತಿರ್ ಮಾಡಿ ಕಟ್ಟಿಯೂ ಆಗಿದೆ. ಮಾಡಿದ್ದನ್ನು ಬಿಸಾಡುದಾ?” ಎಂದರು.

ಅಕ್ಕಿಯ ರೊಟ್ಟಿ ಕಟ್ಟಿಟ್ಟ ಹೆಂಗಸನ್ನು ತಡೆಯುವ ವಾಕ್ಯ ನನಗೆ ಹೊಳೆಯಲಿಲ್ಲ. ಓಮ್ನಿಯನ್ನು ರಿಪೇರಿ ಮಾಡಿದೆ.

೭

ಸಸಿಹಿತ್ಲಿನ ಕಡಲು. ಬೆಳಗಿನ ಹೊತ್ತು. ಅಲೆ ಸಣ್ಣದು, ಸೊಂಟದಷ್ಟು ಎತ್ತರಕ್ಕೆ ಎದ್ದು, ಬಿಳಿಯಾಗಿ ಒಡೆದು, ಮರಳಿನವರೆಗೆ ಬಂದು ಸುಸ್ತಾಗುತ್ತಿತ್ತು. (ಇದಕ್ಕಿಂತ ಹೆಚ್ಚು ವರ್ಣನೆ ಕೇಳಬೇಡಿ. ಅಲೆಯಷ್ಟೇ ಸುಸ್ತು ನನಗೂ ಇದೆ.)

ಮೂಸಕುಂಞಿ ಮರಳಿನ ಮೇಲೆ ಬೋರ್ಡು ಮಗುಚಿ ದೊಡ್ಡ ಫಿನ್ನು ಹಾಕಿದರು. ಸ್ವಲ್ಪ ಹೊತ್ತು ಕಡಲು ನೋಡಿ, ಸಣ್ಣವು ಎರಡನ್ನೂ ಸೇರಿಸಿದರು. ಮತ್ತೆ ಕಡಲು ನೋಡಿದರು. ಸಣ್ಣವನ್ನು ಕಳಚಿದರು. ದೊಡ್ಡದನ್ನು ಸೀಳಿನಲ್ಲಿ ಹಿಂದೆ ಸರಿಸಿದರು, ಮುಂದೆ ಸರಿಸಿದರು. ನಫೀಸಮ್ಮ ಪಕ್ಕದಲ್ಲಿ ಕೂತು ಸಂತೋಷದಿಂದ ನೋಡುತ್ತಿದ್ದರು. ಫೋಟೋದ ಒಳಗೆ ತಾನೂ ಬಂದು ಕೂತ ಹಾಗೆ ಇತ್ತು ಎಂದು ಆಮೇಲೆ ನನಗೆ ಹೇಳಿದರು.

ಅಲ್ಲಿ ಸರ್ಫಿಂಗ್ ಕಲಿಸುವ ಹೆಂಗಸೊಬ್ಬರು, ನಲವತ್ತರ ಸುಮಾರಿನವರು, ಹತ್ತಿರ ಬಂದರು. “ಎಂತ ಒಳ್ಳೆ ಲಾಂಗ್‌ಬೋರ್ಡ್ ಅಂಕಲ್! ಇವತ್ತಿನ ಅಲೆಗೆ ಸೆಂಟರ್ ಫಿನ್ ಒಂದೇ ಸಾಕು. ನೀವು ಎಷ್ಟು ವರ್ಷದಿಂದ ಸರ್ಫ್ ಮಾಡುದು?”

ಉತ್ತರ ಕೊಟ್ಟದ್ದು ನಫೀಸಮ್ಮ. “ಇವರು ಒಮಾನಿನಲ್ಲಿ ಮಾಸ್ಟರ್ ಇದ್ದದ್ದು. ಎಷ್ಟೋ ಜನ ಬಿಳಿಯರಿಗೆ ಕಲಿಸಿದ್ದಾರೆ.”

“ಹೌದಾ! ಹಾಗಾದರೆ ಒಂದು ಅಲೆ ಹಿಡಿದು ತೋರಿಸಲೇಬೇಕು. ನಮ್ಮ ಕಲಿಯುವವರನ್ನೂ ಕರೆಯುತ್ತೇನೆ,” ಎಂದು ಅವರು ಓಡಿದರು.

ಮೂಸಕುಂಞಿ ಹಾಕಿ ಆಗಿದ್ದ ಫಿನ್ನಿನ ಸ್ಕ್ರೂವನ್ನು ಮತ್ತೆ ಸಡಿಲಿಸಲು ಶುರು ಮಾಡಿದರು.

“ಮತ್ತೆ ಯಾಕೆ ತೆಗೀತೀರಿ? ಅವರೂ ಅದೇ ಹೇಳಿದ್ದಲ್ಲವಾ?”

“ನಫೀಸಾ.”

“ಎಂತ?”

“ನಾನು ಇದರ ಮೇಲೆ ನಿಂತದ್ದಿಲ್ಲ.”

“ಈ ಬೋರ್ಡಿನ ಮೇಲಾ?”

“ಯಾವುದರ ಮೇಲೂ.”

ನಫೀಸಮ್ಮನಿಗೆ ತಕ್ಷಣ ಅರ್ಥವಾಗಲಿಲ್ಲ. ಮೂಸಕುಂಞಿ ತಲೆ ಎತ್ತದೆ ಹೇಳುತ್ತಾ ಹೋದರು. ಅವರ ಕೆಲಸ ದಡದಲ್ಲಿದ್ದ ಶೆಡ್ಡಿನ ಒಳಗೆ. ಬೋರ್ಡು ಒರೆಸುವುದು, ಜೋಡಿಸಿಡುವುದು, ಗೆಸ್ಟುಗಳು ಕೇಳಿದಂತೆ ಫಿನ್ನು ಹಾಕಿ ಕೊಡುವುದು. ಒದ್ದೆಯಾಗಿ ವಾಪಸು ಬರುವವರು ಅದು ಜಾರಿತು, ಇದು ಹಿಡಿಯಿತು ಎಂದು ಹೇಳುವುದನ್ನು ಕೇಳಿ ಕೇಳಿ ಎಲ್ಲ ಗೊತ್ತಾದದ್ದು. ಕೆಲಸದವರು ಬೋರ್ಡು ಹತ್ತಬಾರದು ಎಂದು ನಿಯಮ ಇತ್ತು. ಗೆಸ್ಟುಗಳಿಲ್ಲದ ತಿಂಗಳಲ್ಲಿ ನೋಡುವವರು ಯಾರೂ ಇರಲಿಲ್ಲ. ಒಮ್ಮೆ ಬೋರ್ಡು ಹಿಡಿದು ಇಳಿದಿದ್ದರು. ಮೊಣಕಾಲು ದಾಟುವಷ್ಟರಲ್ಲಿ ಹೆದರಿಕೆಯಾಗಿ ಬಂದುಬಿಟ್ಟರು. ಫೋಟೋ ಯಾರೋ ಗೆಸ್ಟು ತೆಗೆದದ್ದು.

“ನಾನು ಸುಳ್ಳು ಹೇಳಲಿಲ್ಲ. ಫೋಟೋ ಕಳಿಸಿದ್ದು ಮಾತ್ರ.”

“ನಾನು ಕೇಳಿದ್ದೆನಲ್ಲ, ನೀವು ಇದರ ಮೇಲೆ ನಿಲ್ಲುದಾ ಅಂತ?”

“ಹೂಂ ಅಂತ ಹೇಳಿದ್ದು.”

ನಫೀಸಮ್ಮ ಫ್ಲಾಸ್ಕಿನ ಮುಚ್ಚಳ ತೆಗೆದು, ಚಹಾ ಬಗ್ಗಿಸದೆ ಮತ್ತೆ ಮುಚ್ಚಿದರು.

(ಇಲ್ಲಿ ನಾನು ಬರೆಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ. ಮದುವೆ ಮನೆಗಳ ಹೆಂಗಸರು, ಬಾಯಿಗೆ ಹೋದ ಕೈಗಳು, ಅದನ್ನೆಲ್ಲ ನೆನೆದು ನಫೀಸಮ್ಮನಿಗೆ ಅವಮಾನವಾಗಿರಬೇಕು ಎಂದು ಊಹಿಸಿ ಒಂದು ಪ್ಯಾರಾ ಬರೆದೂ ಆಗಿತ್ತು. ತಪ್ಪು. ಅವರು ಯೋಚಿಸುತ್ತಿದ್ದದ್ದು ಅದಲ್ಲ.)

“ಆ ಚಂಡಮಾರುತ ಬಂದಾಗ?” ಎಂದು ಕೇಳಿದರು.

“ಯಾವುದು?”

“ಒಮಾನಿನ ಕಡಲು ಊರೊಳಗೆ ಬಂತು ಅಂತ ಟಿ.ವಿ.ಯಲ್ಲಿ ತೋರಿಸಿದ್ದು. ನಿಮ್ಮ ಫೋನು ತಾಗಲಿಲ್ಲ.”

“ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಇದ್ದೆವು, ಎಲ್ಲರೂ.” ಮೂಸಕುಂಞಿ ಸುಳ್ಳು ಬೇಡವೆಂದು ನಿರ್ಧರಿಸಿದವರಂತೆ ಮುಂದುವರಿಸಿದರು, “ಬಿರಿಯಾನಿ ಕೊಟ್ಟಿದ್ದರು.”

“ನಾನಿಲ್ಲಿ ನಮಾಝಿನ ಮುಸಲ್ಲ ಬಿಟ್ಟು ಎದ್ದಿರಲಿಲ್ಲ. ಒಂದು ತುತ್ತು ಇಳಿದಿರಲಿಲ್ಲ. ಆ ಒಂದು ಸಲ ಅಲ್ಲ. ಗಾಳಿ ಜೋರು ಬಂದರೆ ಹೆದರಿದೆ. ನೀವು ಫೋನ್ ಎತ್ತುದು ತಡ ಆದರೆ ಹೆದರಿದೆ. ಅಲೆ ತಿರುಗಿ ಬಿದ್ದರೆ ಎಂತ ಮಾಡುದು, ಬೋರ್ಡು ತಲೆಗೆ ಹೊಡೆದರೆ ಎಂತ ಮಾಡುದು. ಶಹನಾ ಸಣ್ಣವಳು, ಅವಳ ಎದುರು ಅಳ್ಲಿಕ್ಕೂ ಇಲ್ಲ.” ನಫೀಸಮ್ಮನ ದನಿ ಏರಲಿಲ್ಲ, ಲೆಕ್ಕ ತಪ್ಪಿದವರ ಹಾಗೆ ನಿಧಾನವಾಗಿತ್ತು. “ನೀವು ಶೆಡ್ಡಿನಲ್ಲಿ ಕೂತಿದ್ದಿರಿ. ಹಾಗಾದರೆ ನಾನು ಹೆದರಿದ್ದೆಲ್ಲ ಎಂತಕ್ಕೆ?”

ಅಷ್ಟು ವರ್ಷದ ಹೆದರಿಕೆಯನ್ನು ವಾಪಸು ಕೊಡುವುದು ಹೇಗೆಂದು ನಿಮಗೇನಾದರೂ ಗೊತ್ತಿದ್ದರೆ ತಿಳಿಸಿ.

ಕಲಿಸುವ ಹೆಂಗಸು ತನ್ನ ನಾಲ್ಕಾರು ಜನರೊಂದಿಗೆ ಬಂದು ನಿಂತಿದ್ದರು. ನಫೀಸಮ್ಮ ಎದ್ದು ಬಟ್ಟೆಯ ಮರಳು ಕೊಡವಿಕೊಂಡರು. “ಇವರಿಗೆ ಇವತ್ತು ಮಂಡಿನೋವು. ನೀವು ನನಗೆ ಕಲಿಸ್ತೀರಾ?”

ಗಂಡನ ಮಾನ ಉಳಿಸಿದ್ದೋ, ಗಂಡನನ್ನು ಪಕ್ಕಕ್ಕೆ ಸರಿಸಿದ್ದೋ, ನೀವೇ ನೋಡಿಕೊಳ್ಳಿ.

“ಸ್ಕ್ರೂ ಬಿಗಿ ಮಾಡಿ,” ಎಂದರು ಗಂಡನಿಗೆ. ಅವರು ಬಿಗಿ ಮಾಡಿದರು. “ಹಿಡೀರಿ,” ಎಂದರು. ಅವರು ಹಿಂದಿನ ತುದಿ ಹಿಡಿದರು. ಮೂವರೂ ಬೋರ್ಡಿನೊಂದಿಗೆ ನೀರಿಗಿಳಿದರು. ಸೊಂಟ ಮುಳುಗುವಲ್ಲಿಗೆ ಹೋದಾಗ ನಫೀಸಮ್ಮ ಕವುಚಿ ಮಲಗಿದರು. ಆ ಹೆಂಗಸು ಹಿಂದೆ ತಿರುಗಿ ನೋಡಿ, ಕಾದು, ಒಂದು ಅಲೆ ಬಂದಾಗ ಬೋರ್ಡನ್ನು ತಳ್ಳಿಬಿಟ್ಟರು.

ನಫೀಸಮ್ಮ ಕಿರುಚಲಿಲ್ಲ. ಬೋರ್ಡಿನ ಎರಡೂ ಅಂಚು ಹಿಡಿದುಕೊಂಡು, ಗಲ್ಲ ಎತ್ತಿ, ಬಿಳಿ ನೊರೆಯ ಮುಂದೆ ಗೆರೆ ಎಳೆದ ಹಾಗೆ ನೇರವಾಗಿ ಮರಳಿನವರೆಗೆ ಹೋದರು. ಅಲ್ಲಿ ಎದ್ದು ಕೂತು ಕೆಮ್ಮಿದರು. ಮೂಗಿನಿಂದ ನೀರು ಬಂತು. ಬೋರ್ಡನ್ನು ತಿರುಗಿಸಿ ಮತ್ತೆ ಎಳೆದುಕೊಂಡು ಬಂದರು. ಗಂಡನ ಪಕ್ಕದಿಂದಲೇ ಹಾದುಹೋದರು, ಮುಖ ನೋಡಲಿಲ್ಲ.

ಮೂಸಕುಂಞಿ ಇದ್ದಲ್ಲೇ ನಿಂತಿದ್ದರು. ನೀರು ಎದೆಗೆ ಬಂದು ಇಳಿಯುತ್ತಿತ್ತು. ಇಷ್ಟು ಆಳಕ್ಕೆ ಅವರು ಬಂದದ್ದು ಇದೇ ಮೊದಲು. ಅದನ್ನು ಕೇಳಿಸಿಕೊಳ್ಳಲು ಯಾರಿಗೂ ಬಿಡುವಿರಲಿಲ್ಲ.

ಹಾಗೆ ಹಲವು ಸಲ ಹೋಗಿ ಬಂದ ಮೇಲೆ ನಫೀಸಮ್ಮ ಬೋರ್ಡನ್ನು ಮರಳಿನ ಮೇಲೆ ಮಗುಚಿ, ಗಂಡನನ್ನು ಕರೆದರು. “ಆ ಸಣ್ಣದು ಎರಡೂ ಹಾಕಿ ಕೊಡಿ. ನೇರ ಹೋದದ್ದು ಸಾಕು.”

ಮಲಗಿಕೊಂಡು ಹೋಗುವವರಿಗೆ ಒಂದಾದರೂ ಮೂರಾದರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಮೂಸಕುಂಞಿಯವರಿಗೆ ಅದು ಗೊತ್ತಿತ್ತು. ಹೇಳಲಿಲ್ಲ. ನೋಯುವ ಮಂಡಿಯನ್ನು ಮರಳಿಗೆ ಊರಿ ಕೂತು, ಎಡಕ್ಕೊಂದು, ಬಲಕ್ಕೊಂದು ಕೂರಿಸಿ, ಸಣ್ಣ ಕೀಲಿಯಿಂದ ತಿರುಗಿಸಿ, ಬೆರಳಿನಿಂದ ಅಲ್ಲಾಡಿಸಿ ನೋಡಿ, ತೋಳಿನಿಂದ ಮರಳು ಒರೆಸಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಒಮಾನಿನಲ್ಲಿ ಗೆಸ್ಟುಗಳಿಗೆ ಕೊಡುತ್ತಿದ್ದದ್ದೂ ಹಾಗೆಯೇ.

ನಫೀಸಮ್ಮ ತೆಗೆದುಕೊಂಡು ಹೋದರು.

೮

ಈಗ ಮುಗಿಸುವ ಕೆಲಸ.

ಕ) ವಾಪಸು ಬರುವಾಗ ಮಾಣಿ ಪೇಟೆಯಲ್ಲಿ ಚಹಾಕ್ಕೆ ನಿಂತರು. ನಫೀಸಮ್ಮ ತನ್ನ ಗ್ಲಾಸಿನ ಅರ್ಧ ಚಹಾವನ್ನು ಗಂಡನ ಗ್ಲಾಸಿಗೆ ಬಗ್ಗಿಸಿದರು. ಇಬ್ಬರ ಕಣ್ಣೂ ತುಂಬಿತು.

“ನಾವು ಮಾಣಿಯಲ್ಲಿ ನಿಲ್ಲಲೇ ಇಲ್ಲ,” ಎಂದರು ನಫೀಸಮ್ಮ. ಹೊಡೆದು ಹಾಕಿದೆ.

ಖ) ಒಂದು ವರ್ಷದ ನಂತರ ಮೂಸಕುಂಞಿ ಅಲೆಯ ಮೇಲೆ ಎದ್ದು ನಿಂತರು.

“ನನ್ನ ಮಂಡಿಗೆ ಇದು ಓದಿ ಹೇಳಬೇಡಿ,” ಎಂದರು ಮೂಸಕುಂಞಿ. ಹೊಡೆದು ಹಾಕಿದೆ.

ಗ) ನಫೀಸಮ್ಮ ಅಕ್ಕನ ಮನೆಗೆ ಹೋಗಿ ಅಲ್ಲೇ ಉಳಿದರು.

“ಕೋಡಿಂಬಾಳದಲ್ಲಿ ಉಳಿದರೆ ಕುಂಬ್ರದ ಮನೆ ಗುಡಿಸುದು ಯಾರು, ನೀವಾ?” ಎಂದರು ನಫೀಸಮ್ಮ.

ಅದೂ ಹೋಯಿತು. ಇನ್ನು ಹೊಡೆದು ಹಾಕಲು ಕಾಗದದಲ್ಲಿ ಜಾಗವಿಲ್ಲ. ಒಳಗಿನಿಂದ ಕೃಷ್ಣಮೋಹನ ಊಟಕ್ಕೆ ಕರೆಯುತ್ತಿದ್ದಾನೆ. ನಾನು ಬೆಂಚಿನತ್ತ ತಿರುಗಿ, ಟೀಚರ್ ದನಿಯಲ್ಲಿ ಅಲ್ಲ, ನಿಜವಾಗಿ ಬೇಡಿಕೊಂಡೇ ಕೇಳಿದೆ. “ನಫೀಸಮ್ಮ, ಒಂದೇ ಮಾತು ಹೇಳಿ. ನೀವು ಅವರನ್ನು ಕ್ಷಮಿಸಿದಿರಾ, ಇಲ್ಲವಾ?”

ಮೂಸಕುಂಞಿಯವರೂ ಹೆಂಡತಿಯ ಮುಖ ನೋಡಿದರು. ಈ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳಲಿ ಎಂದು ಅವರು ಕಾಯುತ್ತಿದ್ದಿರಬೇಕು.

ನಫೀಸಮ್ಮ ಶಾಲು ಸರಿಪಡಿಸಿಕೊಂಡು ಎದ್ದರು. “ನೀವು ಬರೆದು ಮುಗಿಸುದಕ್ಕೆ ನಾನು ಕ್ಷಮಿಸಬೇಕಾ ಟೀಚರ್?” ಎಂದು ಕೇಳಿ, ಮೆಟ್ಟಲಿಳಿದು, ಗೇಟು ತೆಗೆದು ಹೊರಟುಹೋದರು. ಗೇಟು ಹಾಕಲಿಲ್ಲ.

ಮೂಸಕುಂಞಿ ಇನ್ನೂ ಬೆಂಚಿನಲ್ಲೇ ಕೂತಿದ್ದಾರೆ. ಎದ್ದು ಹಿಂದೆ ಹೋಗುವುದೋ, ಸ್ವಲ್ಪ ಹೊತ್ತು ಬಿಟ್ಟು ಹೋಗುವುದೋ ಎಂದು ನನ್ನ ಮುಖ ನೋಡುತ್ತಿದ್ದಾರೆ. ನಾನು ಪೆನ್ನಿನ ಮುಚ್ಚಳ ಹಾಕಿ ಆಗಿದೆ.